ಮಳೆ ಅಳೆಯುವ ಡಬ್ಬಿಗೆ ದಿಕ್ಕು ಯಾರು?

ಪಂಚಾಯ್ತಿ ಕಚೇರಿಯ ಮಗ್ಗುಲಿಗೆ ಒಂದು ತಂತಿ ಬೇಲಿ. ಬೇಲಿಯೊಳಗೆ ಒಂದು ಕಂಬ. ಕಂಬಕ್ಕೆ ಒಂದು ಸೋಲಾರ್ ಹಲಗೆ, ಪಕ್ಕದಲ್ಲೇ ಬಾಯ್ತೆರೆದು ನಿಂತ ಕೊಳಗದಂತಹ ಡಬ್ಬಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಯಾವ ತಾಲೂಕಿನ ಹಳ್ಳಿಗೆ ಹೋದರೂ ಈ ಡಬ್ಬಿ ಕಣ್ಣಿಗೆ ಬೀಳುತ್ತದೆ. ಕೆಲವರು ಅದನ್ನು ಮೊಬೈಲ್ ಟವರಿನ ಮರಿ ಎನ್ನುತ್ತಾರೆ. ಕೆಲವರಿಗೆ ಅದು ಕ್ಯಾಮೆರಾ. ಬೇಲಿಯ ತಂತಿ ಬಟ್ಟೆ ಒಣಹಾಕಲು ಅನುಕೂಲ. ಒಳಗಿನ ಹುಲ್ಲು ಮೇಕೆಮರಿಗೆ ಅನುಕೂಲ.

ಅರಳಿಕಟ್ಟೆಯ ಮೇಲೆ ಈ ಡಬ್ಬಿಯ ವಿಚಾರ ಬಂದರೆ ಮಾತು ಹೀಗೆ ಸಾಗುತ್ತದೆ:

"ಅದೇನ್ ಮಾವ ಅದು ಡಬ್ಬಿ?"

"ಮಳೆ ಮಿಷಿನ್ ಕಣೋ. ಮಳೆ ಬಂದ್ರೆ ಬೆಂಗ್ಳೂರಿಗೆ ಹೇಳ್ತೈತೆ."

"ಬೆಂಗ್ಳೂರಿಗೆ ಹೇಳ್ತೈತೆ, ಸರಿ. ನಮಗೆ?"

"ನಮಗ್ಯಾಕೋ? ನಾವು ನೆಂದಿರ್ತೀವಲ್ಲ!"

ಕಟ್ಟೆಯ ಮೇಲಿದ್ದವರೆಲ್ಲ ನಗುತ್ತಾರೆ. ನಗುವಂತಹ ಮಾತೇ. ಆದರೆ ನಗು ಮುಗಿದ ಮೇಲೆ ಯೋಚಿಸಬೇಕಾದದ್ದೂ ಆ ಮಾತಿನಲ್ಲೇ ಇದೆ. ಊರಿನ ಮಳೆಯ ಲೆಕ್ಕ ಊರಿಗಿಲ್ಲ. ನೆಂದವನ ಮಾತಿಗೆ ಬೆಲೆಯಿಲ್ಲ, ಡಬ್ಬಿ ಹೇಳಿದ್ದೇ ಲೆಕ್ಕ. ಡಬ್ಬಿ ಏನು ಹೇಳಿತೆಂಬುದು ನೆಂದವನಿಗೆ ತಿಳಿಯದು!

ಡಬ್ಬಿಯೊಳಗೇನಿದೆ?

ಯಂತ್ರವನ್ನು ಬೈಯುವ ಮೊದಲು ಯಂತ್ರ ಏನೆಂದು ತಿಳಿಯುವುದು ಒಳ್ಳೆಯದು. ಇದಕ್ಕೆ ಟೆಲಿಮೆಟ್ರಿಕ್ ಮಳೆಮಾಪಕ ಎಂದು ಹೆಸರು. ಹೆಸರು ದೊಡ್ಡದು, ಒಳಗಿನ ಉಪಾಯ ಚಿಕ್ಕದು. ಮೇಲೊಂದು ಆಲಿಕೆ. ಆಲಿಕೆಯ ಕೆಳಗೆ ತಕ್ಕಡಿಯ ದಂಡಿನಂತೆ ಅತ್ತ ಇತ್ತ ವಾಲುವ ಎರಡು ಪುಟ್ಟ ಬಟ್ಟಲು. ಒಂದು ಬಟ್ಟಲು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆದ್ದು ನೀರು ಹಿಡಿಯುತ್ತದೆ. ಒಂದು ಸಲ ವಾಲಿತೆಂದರೆ ಇಂತಿಷ್ಟು ಮಳೆ ಎಂದು ಮೊದಲೇ ಗೊತ್ತು ಮಾಡಿಟ್ಟಿರುತ್ತಾರೆ. ಎಷ್ಟು ಸಲ ವಾಲಿತೆಂದು ಒಂದು ಅಯಸ್ಕಾಂತದ ಗುಂಡಿ ಎಣಿಸುತ್ತದೆ. ಆ ಎಣಿಕೆಯನ್ನು ಮೊಬೈಲಿನದೇ ಸಿಮ್ ಕಾರ್ಡು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಕಳಿಸುತ್ತದೆ. ಬ್ಯಾಟರಿಗೆ ಬಿಸಿಲೇ ಆಹಾರ. ಇಷ್ಟೇ ಸಂಗತಿ.

ಬೆಂಗಳೂರಿನಲ್ಲಿ ಇದನ್ನು ಕೇಳಿಸಿಕೊಳ್ಳುವುದು ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರಗಾಲದ ಮೇಲೆ ನಿಗಾ ಇಡಲೆಂದು ಪುಟ್ಟ ಘಟಕವಾಗಿ ಹುಟ್ಟಿದ ಸಂಸ್ಥೆ ಅದು. 2007ರಲ್ಲಿ ಈಗಿನ ಹೆಸರು ಪಡೆಯಿತು. ಪಂಚಾಯ್ತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಮಿಕ್ಕಿ ಮಳೆಮಾಪಕಗಳನ್ನು ನೆಟ್ಟಿತು. ಹೋಬಳಿ ಮಟ್ಟದಲ್ಲಿ ಗಾಳಿ, ಉಷ್ಣಾಂಶ, ತೇವಾಂಶ ಅಳೆಯುವ ಹವಾ ಕೇಂದ್ರಗಳನ್ನೂ ನಿಲ್ಲಿಸಿತು. ರೈತರು ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಿ ಮಳೆಯ ಸಮಾಚಾರ ಕೇಳಲೆಂದು 'ವರುಣ ಮಿತ್ರ' ಎಂಬ ಸಹಾಯವಾಣಿಯನ್ನೂ ಆರಂಭಿಸಿತು. ಪಂಚಾಯ್ತಿ ಮಟ್ಟಕ್ಕೆ ಇಳಿದು ಇಷ್ಟು ದಟ್ಟವಾಗಿ ಮಳೆ ಅಳೆಯುವ ಏರ್ಪಾಡು ದೇಶದಲ್ಲಿ ಅಪರೂಪ. ಇದನ್ನು ಒಪ್ಪಿಕೊಳ್ಳಬೇಕು. ಮಾಡಿದ್ದನ್ನು ಮಾಡಿದ್ದಾರೆ ಎನ್ನಲು ನಾಚಿಕೆಯೇಕೆ?

ಹಿಂದೆ ಹೇಗಿತ್ತು? ತಾಲೂಕು ಕಚೇರಿಯ ಅಂಗಳದಲ್ಲಿ, ಪ್ರವಾಸಿ ಬಂಗಲೆಯ ಮೂಲೆಯಲ್ಲಿ ಒಂದು ಹಿತ್ತಾಳೆಯದೋ ತಗಡಿನದೋ ಮಳೆಮಾಪಕ. ಬೆಳಿಗ್ಗೆ ಎಂಟೂವರೆಗೆ ಜವಾನ ಗಾಜಿನ ಅಳತೆಗೆ ನೀರು ಸುರಿದು ನೋಡಬೇಕು, ಪುಸ್ತಕದಲ್ಲಿ ಬರೆಯಬೇಕು. ಜವಾನ ಮದುವೆಗೆ ಹೋದ ದಿನ ಮಳೆಗೂ ರಜೆ! ಮೂವತ್ತು ನಲವತ್ತು ಹಳ್ಳಿಗೆ ಒಂದೇ ಅಳತೆ. "ಎತ್ತಿನ ಒಂದು ಕೋಡಿಗೆ ಮಳೆ, ಇನ್ನೊಂದು ಕೋಡಿಗೆ ಬಿಸಿಲು" ಎನ್ನುವ ಸೀಮೆಯಲ್ಲಿ ಅಂತಹ ಲೆಕ್ಕದಿಂದ ಎಷ್ಟು ರೈತರಿಗೆ ಅನ್ಯಾಯವಾಗಿದೆಯೋ, ಆ ಮಾರಮ್ಮ ತಾಯಿಗೇ ಗೊತ್ತು. ಆದ್ದರಿಂದ ಪಂಚಾಯ್ತಿಗೊಂದು ಡಬ್ಬಿ ಬಂದದ್ದು ಸಣ್ಣ ಮಾತಲ್ಲ.

ಡಬ್ಬಿ ಹೇಳಿದ್ದೇ ದಾಖಲೆ

ಹಾಗಾದರೆ ತಕರಾರೇನು? ತಕರಾರು ಇರುವುದು ದುಡ್ಡಿನಲ್ಲಿ, ನೀರಿನಲ್ಲಿ, ಜೀವದಲ್ಲಿ.

ಮೊದಲು ದುಡ್ಡು. ಹವಾಮಾನ ಆಧಾರಿತ ಬೆಳೆ ವಿಮೆ ಎಂಬುದೊಂದಿದೆ. ಹೊಳಲ್ಕೆರೆಯ ಅಡಿಕೆಯವರು, ಹೊಸದುರ್ಗ ಹಿರಿಯೂರಿನ ದಾಳಿಂಬೆಯವರು ಇದನ್ನು ಬಲ್ಲರು. ಇದರಲ್ಲಿ ಅಧಿಕಾರಿ ತೋಟಕ್ಕೆ ಬಂದು ನಷ್ಟ ನೋಡಿ ಬರೆದುಕೊಂಡು ಹೋಗುವ ಪದ್ಧತಿ ಅಲ್ಲ. ಇಂತಿಷ್ಟು ದಿನ ಮಳೆ ಬಾರದಿದ್ದರೆ, ಇಂತಿಷ್ಟಕ್ಕಿಂತ ಜಾಸ್ತಿ ಸುರಿದರೆ, ತೇವ ಇಂತಿಷ್ಟು ಏರಿದರೆ ಪರಿಹಾರ ಇಷ್ಟು ಎಂದು ಮೊದಲೇ ಪಟ್ಟಿ ಮಾಡಿರುತ್ತಾರೆ. ಪಟ್ಟಿಗೆ ತಾಳೆ ನೋಡುವುದು ಡಬ್ಬಿಯ ಅಂಕಿಯನ್ನು. ಗಿಡಕ್ಕೆ ದುಂಡಾಣು ಅಂಗಮಾರಿ ಬಡಿದು ಕಾಯೆಲ್ಲ ಬಿರಿದು ಬಿದ್ದಿದ್ದರೂ ಡಬ್ಬಿ ಒಪ್ಪಬೇಕು. ಡಬ್ಬಿ ಒಪ್ಪದಿದ್ದರೆ ಕಂತು ಕಟ್ಟಿದ್ದೇ ಬಂತು!

ಎರಡನೆಯದು ಬರಗಾಲದ ಘೋಷಣೆ. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿಯ ಪ್ರಕಾರ ಮಳೆಯ ಕೊರತೆ ಮತ್ತು ಮಳೆಯಿಲ್ಲದ ವಾರಗಳ ಲೆಕ್ಕ ಮೊದಲ ಮೆಟ್ಟಿಲು. ಆ ಮೆಟ್ಟಿಲು ಹತ್ತಿದರೆ ಮಾತ್ರ ಬೆಳೆ, ತೇವ, ಅಂತರ್ಜಲಗಳ ಮುಂದಿನ ಮೆಟ್ಟಿಲು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ್ದು ಇಂತಹ ಲೆಕ್ಕಗಳ ಮೇಲೆಯೇ. ಅಂದರೆ ಮೇವಿನ ಬ್ಯಾಂಕು, ಟ್ಯಾಂಕರ್ ನೀರು, ಪರಿಹಾರದ ಹಣ, ಇವೆಲ್ಲದರ ಜುಟ್ಟು ಈ ಡಬ್ಬಿಯ ಕೈಯಲ್ಲಿದೆ.

ಇಷ್ಟು ದೊಡ್ಡ ಅಧಿಕಾರ ಇರುವ ಡಬ್ಬಿಗೆ ಕಾವಲು ಯಾರು? ಆಲಿಕೆಯಲ್ಲಿ ಬೇವಿನ ಎಲೆ ಬಿದ್ದರೆ ತೆಗೆಯುವವರು ಯಾರು? ಹಕ್ಕಿ ಹಿಕ್ಕೆ ಹಾಕಿದರೆ ತೊಳೆಯುವವರು ಯಾರು? ಒಳಗೆ ಇರುವೆ ಗೂಡು ಕಟ್ಟಿ, ಜೇಡ ಬಲೆ ನೇಯ್ದರೆ ಬಟ್ಟಲು ವಾಲುವುದೇ ಇಲ್ಲ. ಹೊರಗೆ ಹದ ಮಳೆ ಸುರಿದು ಹಳ್ಳ ಹರಿದರೂ ಲೆಕ್ಕದಲ್ಲಿ ಸೊನ್ನೆ. ಇನ್ನೂ ವಿಚಿತ್ರವೆಂದರೆ, ಅರ್ಧಂಬರ್ಧ ಕಟ್ಟಿಕೊಂಡ ಆಲಿಕೆಯಿಂದ ನೀರು ತೊಟ್ಟಿಕ್ಕುತ್ತಾ ತೊಟ್ಟಿಕ್ಕುತ್ತಾ ಮರುದಿನ ಮಧ್ಯಾಹ್ನದ ತನಕ ಇಳಿಯುತ್ತದೆ. ಆಗ ರಣಬಿಸಿಲಿನಲ್ಲೂ ಡಬ್ಬಿ "ಸಣ್ಣ ಮಳೆ ಬರುತ್ತಿದೆ" ಎಂದೇ ವರದಿ ಕಳಿಸುತ್ತದೆ! ಗಿಡ ಬೆಳೆದು ಮರೆಯಾದರೆ, ಪಕ್ಕದಲ್ಲಿ ಮಹಡಿ ಎದ್ದರೆ, ಓರೆಮಳೆ ಡಬ್ಬಿಗೆ ಬೀಳುವುದೇ ಇಲ್ಲ. ಸುತ್ತಲಿನ ಮರ, ಗೋಡೆಗಳ ಎತ್ತರದ ಎರಡು ಪಟ್ಟಾದರೂ ದೂರದಲ್ಲಿ, ಬಯಲಿನಲ್ಲಿ ಮಾಪಕ ಇರಬೇಕೆಂಬುದು ಹವಾಮಾನದವರ ಹಳೇ ನಿಯಮ. ಡಬ್ಬಿ ನೆಡುವ ದಿನ ಬಯಲಾಗಿದ್ದ ಜಾಗ ಹತ್ತು ವರ್ಷದ ಮೇಲೂ ಬಯಲಾಗಿಯೇ ಇರುತ್ತದೆಂದು ಖಾತ್ರಿ ಏನು?

ಧೋ ಎಂದು ಬಿರುಮಳೆ ಸುರಿದಾಗ ಬಟ್ಟಲು ವಾಲುವ ಕ್ಷಣದಲ್ಲಿ ಬೀಳುವ ನೀರು ಲೆಕ್ಕ ತಪ್ಪುವುದೂ ಉಂಟು. ಇದು ಯಂತ್ರದ ಜಾಯಮಾನ. ಇದನ್ನು ತಿದ್ದುವ ದಾರಿಯೂ ಇದೆ. ಆದರೆ ತಿದ್ದಬೇಕಾದರೆ ತಪ್ಪಿದೆ ಎಂದು ಯಾರಾದರೂ ಹೇಳಬೇಕು. ಹೇಳಬೇಕಾದರೆ ಅಂಕಿ ಕಾಣಬೇಕು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ದುಡ್ಡಿನ ಕೀಲಿ ಡಬ್ಬಿಯಲ್ಲಿದೆ ಎಂದು ಗೊತ್ತಾದ ಮೇಲೆ ಡಬ್ಬಿಯ ಮೇಲೆ ಕವರು ಮುಚ್ಚುವ, ಒಂದು ಚೊಂಬು ನೀರು ಸುರಿಯುವ ಬುದ್ಧಿ ಯಾರಿಗೂ ಬರದು ಎನ್ನಲು ಜನರೆಲ್ಲ ಸಂತರೇ? ಒಬ್ಬನ ಕಿಲಾಡಿತನಕ್ಕೆ ಇಡೀ ಪಂಚಾಯ್ತಿಯ ರೈತರು ದಂಡ ತೆರಬೇಕಾಗುತ್ತದೆ. ಅದಕ್ಕೂ ಮದ್ದು ಒಂದೇ. ನಾಲ್ಕು ಜನರ ಕಣ್ಣು ಡಬ್ಬಿಯ ಮೇಲಿರಬೇಕು. ಯಾರ ಕಣ್ಣೂ ಇಲ್ಲದ ಕಡೆಯೇ ಕಿಲಾಡಿತನ ನಡೆಯುವುದು.

ಕಣಿವೆಯ ಅಡಿ ಎಲ್ಲರಿಗೂ ಗೊತ್ತು

"ರೈತರಿಗೆ ಅಂಕಿ ಅಂಶ ಎಲ್ಲಿ ಅರ್ಥವಾಗುತ್ತದೆ ಸ್ವಾಮಿ?" ಎನ್ನುವ ಅಧಿಕಾರಿಗಳುಂಟು. ಅಂಥವರು ಮಳೆಗಾಲದಲ್ಲಿ ಹಿರಿಯೂರಿನ ಯಾವುದಾದರೂ ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತು ನೋಡಬೇಕು.

"ಡ್ಯಾಂ ಎಷ್ಟಾಯ್ತಣ್ಣ?"

"ನಿನ್ನೆಗಿಂತ ಅರ್ಧ ಅಡಿ ಮೇಲೆ."

"ಒಳಹರಿವು?"

"ಕಡೂರ್ ಕಡೆ ಬಿದ್ದೈತಂತೆ, ನಾಳೆ ನಾಡಿದ್ದು ಬತ್ತೈತೆ ಬಿಡು."

ಅಕ್ಷರ ಬಾರದ ಮುದುಕನೂ ಅಡಿ, ಇಂಚು, ಕ್ಯುಸೆಕ್ಕು, ಟಿಎಂಸಿ ಮಾತಾಡುತ್ತಾನೆ. ಯಾವ ಕಾಲೇಜಿನಲ್ಲಿ ಕಲಿತ? ಕಣಿವೆಯ ಗೋಡೆಯ ಮೇಲೆ ಕಲಿತ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದ 130 ಅಡಿಯ ಲೆಕ್ಕ ಮೂರು ನಾಲ್ಕು ತಲೆಮಾರಿನಿಂದ ಜನರ ಬಾಯಲ್ಲಿದೆ. 1933ರಲ್ಲಿ ಕೋಡಿ ಬಿದ್ದದ್ದನ್ನು ಅಜ್ಜಂದಿರು ಹೇಳಿದರು. 89 ವರ್ಷ ಕಾದ ಮೇಲೆ 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿದ್ದದ್ದನ್ನು ಮೊಮ್ಮಕ್ಕಳು ಕಂಡರು. 2025ರ ಜನವರಿಯಲ್ಲಿ ಮಗದೊಮ್ಮೆ ಬಿತ್ತು. ಬಾಗಿನ, ಜಾತ್ರೆ, ಫೋಟೋ ಎಲ್ಲ ಆಯಿತು. ಗೇಜು ಕಣ್ಣಿಗೆ ಕಾಣುತ್ತದೆ, ಪತ್ರಿಕೆಯಲ್ಲಿ ದಿನಾ ಬರುತ್ತದೆ. ಆದ್ದರಿಂದ ಅದು ಜನರ ಅಂಕಿಯಾಯಿತು. ಒಂದು ದಿನ ತಪ್ಪಾಗಿ ಅಚ್ಚಾದರೆ ಮರುದಿನ ಬೆಳಿಗ್ಗೆ ಹತ್ತು ಜನ ಫೋನು ಮಾಡಿ ಬೈಯುತ್ತಾರೆ. ಇಂತಹ ಕಾವಲನ್ನು ಯಾವ ಇಲಾಖೆ ಸಂಬಳ ಕೊಟ್ಟು ಇಟ್ಟುಕೊಳ್ಳಲು ಸಾಧ್ಯ?

ಪಂಚಾಯ್ತಿಯ ಡಬ್ಬಿಯ ಅಂಕಿ ಮಾತ್ರ ಕಚೇರಿಯ ಅಂಕಿಯಾಗಿ ಉಳಿದಿದೆ. ದೋಷ ರೈತನ ತಲೆಯಲ್ಲಿಲ್ಲ, ಅಂಕಿ ಬರೆಯದ ಗೋಡೆಯಲ್ಲಿದೆ.

ಒಂದು ಮಿಲಿಮೀಟರಿನ ತೂಕ

ಮಿಲಿಮೀಟರು ಎಂದರೆ ಏನೋ ಪುಡಿಗಾಸು ಎಂದು ತಿಳಿಯುವವರಿದ್ದಾರೆ. ಲೆಕ್ಕ ಹಾಕಿ ನೋಡಲಿ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆಗೆ ಹತ್ತು ಮಿಲಿಮೀಟರ್ ಬಿದ್ದರೆ ಸುಮಾರು 40 ಸಾವಿರ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರಿಗೆ ಎಂಟು ಲೋಡು. ಬೇಸಿಗೆಯಲ್ಲಿ ತೋಟಕ್ಕೆ ಟ್ಯಾಂಕರ್ ಹೊಡೆಸಿದವನನ್ನು ಕೇಳಿದರೆ ಹತ್ತು ಮಿಲಿಮೀಟರಿನ ಬೆಲೆ ರೂಪಾಯಿಯಲ್ಲೇ ಹೇಳುತ್ತಾನೆ.

ಇನ್ನು ಕಣಿವೆಗೆ ನೀರು ಬರುವ ಸೀಮೆ ಸುಮಾರು 5,374 ಚದರ ಕಿಲೋಮೀಟರ್. ಬಾಬಾ ಬುಡನ್‌ಗಿರಿ ಸಾಲಿನಿಂದ ಇಳಿದ ವೇದಾ, ಅವತಿ ಎಂಬ ಎರಡು ಹೊಳೆಗಳು ಅಯ್ಯನಕೆರೆ, ಮದಗದ ಕೆರೆಗಳ ಹಾದಿ ಹಿಡಿದು, ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗಿ, ಹೊಸದುರ್ಗದ ಮೇಲೆ ಹಾದು ಕಣಿವೆಗೆ ಬರುತ್ತವೆ. ಅಷ್ಟೂ ಸೀಮೆಯ ಮೇಲೆ ಒಂದೇ ಒಂದು ಮಿಲಿಮೀಟರ್ ಬಿದ್ದರೂ ಬಿದ್ದ ನೀರಿನ ಮೊತ್ತ ಟಿಎಂಸಿಯ ಐದನೇ ಒಂದು ಪಾಲಿಗೆ ಹತ್ತಿರ. ಬಿದ್ದದ್ದೆಲ್ಲ ಹರಿದು ಬರುವುದಿಲ್ಲ, ನೆಲ ಕುಡಿಯುತ್ತದೆ, ಕೆರೆಕಟ್ಟೆ ಹಿಡಿಯುತ್ತವೆ, ಬಿಸಿಲು ಹೀರುತ್ತದೆ. ಆದರೂ ಮೇಲಿನ ಡಬ್ಬಿಗಳೆಲ್ಲ ನಿಯತ್ತಾಗಿ ಮಾತಾಡಿದರೆ ಕೆಳಗಿನವರಿಗೆ ಮುನ್ಸೂಚನೆ. ಸುಳ್ಳು ಹೇಳಿದರೆ ನಡುರಾತ್ರಿಯಲ್ಲಿ ನೀರು.

2022ರ ಕೋಡಿಯನ್ನು ಮರೆಯಬಾರದು. ಅಣೆಕಟ್ಟೆಯ ಮೇಲೆ ಜನಸಾಗರ ಕೋಡಿಯ ನೊರೆ ನೋಡಿ ಚಪ್ಪಾಳೆ ತಟ್ಟಿತು. ಅದೇ ಹೊತ್ತಿಗೆ ಹಿನ್ನೀರಿನ ಅಂಚಿನಲ್ಲಿ, ಹೊಸದುರ್ಗದ ಕಡೆಯ ರೈತನ ತೋಟದಲ್ಲಿ ನೀರು ನಿಂತಿತು. ಒಂದೇ 130 ಅಡಿ. ಒಬ್ಬನಿಗೆ ಹಬ್ಬ, ಇನ್ನೊಬ್ಬನಿಗೆ ಸೂತಕ. ಮೇಲೆ ಎಷ್ಟು ಬಿದ್ದಿದೆ, ಎಷ್ಟು ಬರುತ್ತಿದೆ, ಯಾವಾಗ ಬರುತ್ತದೆ ಎಂಬುದು ಮೊದಲೇ ತಿಳಿದರೆ ದನಕರು ಬಿಚ್ಚಿಕೊಂಡು ಹೋಗಬಹುದು, ಪಂಪ್‌ಸೆಟ್ ಮೇಲೆತ್ತಬಹುದು, ಮುಳುಗುವ ರಸ್ತೆಗೆ ಅಡ್ಡಗಟ್ಟೆ ಹಾಕಬಹುದು. ಸಂಸತ್ತು 2021ರಲ್ಲಿ ಒಪ್ಪಿದ ಅಣೆಕಟ್ಟೆ ಸುರಕ್ಷತಾ ಕಾಯ್ದೆ ದೊಡ್ಡ ಅಣೆಕಟ್ಟೆಗಳಿಗೆಲ್ಲ ಅಳತೆಯ ಉಪಕರಣ, ಹತ್ತಿರದಲ್ಲಿ ಹವಾ ಕೇಂದ್ರ, ತುರ್ತು ಕ್ರಿಯಾ ಯೋಜನೆ ಇರಬೇಕೆಂದು ಹೇಳುತ್ತದೆ. ಕಾಯ್ದೆ ಎಂಜಿನಿಯರಿನ ಮೇಜಿನ ತನಕ ಬರುತ್ತದೆ. ಅಲ್ಲಿಂದ ಹೊಳೆದಂಡೆಯ ಗುಡಿಸಲಿನ ತನಕ ಹೋಗಲು ಅದಕ್ಕೆ ಕಾಲಿಲ್ಲ. ಯಾರಾದರೂ ಹೊತ್ತು ತರಬೇಕು.

2019ರಿಂದ ಭದ್ರೆಯ ನೀರನ್ನೂ ಎತ್ತಿ ಕಣಿವೆಗೆ ಹರಿಸುವ ಕೆಲಸ ಶುರುವಾಯಿತು. ಭದ್ರಾ ಮೇಲ್ದಂಡೆಯಲ್ಲಿ ಕಣಿವೆಯ ಪಾಲು 2 ಟಿಎಂಸಿ. ಇನ್ನು ಮುಂದೆ ತಂಟೆ ಬರುವುದು "ನೀರು ಎಷ್ಟಿದೆ" ಎಂಬ ಒಂದೇ ಪ್ರಶ್ನೆಗಲ್ಲ. ಮಳೆಯ ನೀರು ಎಷ್ಟು, ಎತ್ತಿ ತಂದ ನೀರು ಎಷ್ಟು, ನಾಲೆಗೆ ಎಷ್ಟು, ಚಿತ್ರದುರ್ಗ ಹಿರಿಯೂರು ಚಳ್ಳಕೆರೆಯ ಕುಡಿಯುವ ನೀರಿಗೆ ಎಷ್ಟು ಎಂಬ ಪ್ರಶ್ನೆಗಳಿಗೆ. ಆ ದಿನ ಬಾಯಿ ಜೋರಿದ್ದವನ ಮಾತು ನಡೆಯಬಾರದು. ಎಲ್ಲರೂ ಒಪ್ಪುವ ಅಳತೆ ಮಾತಾಡಬೇಕು. ಅಳತೆಯನ್ನು ಜಗಳಕ್ಕೆ ಮೊದಲೇ ಒಪ್ಪಿಕೊಂಡಿರಬೇಕು. ಜಗಳ ಬಂದ ಮೇಲೆ ಯಾವ ಮಾಪಕವೂ ಯಾರಿಗೂ ಸರಿ ಕಾಣುವುದಿಲ್ಲ.

ಮೇಲೆ ಗಿರಕಿ, ಕೆಳಗೆ ಕತ್ತಲೆ

ಈ ಜಿಲ್ಲೆಗೆ ಯಂತ್ರ ಹೊಸದೇನಲ್ಲ. ಜೋಗಿಮಟ್ಟಿಯ ಸಾಲಿನ ಮೇಲೆ ನಿಂತ ಗಾಳಿ ಗಿರಣಿಗಳನ್ನು ನೋಡಿ. ಅಂತಹ ಒಂದೊಂದು ಗಿರಣಿಯ ನೆತ್ತಿಯ ಮೇಲೂ ಗಾಳಿಯ ವೇಗ ಅಳೆಯುವ ಬಟ್ಟಲು ಇರುತ್ತದೆ. ಗಾಳಿ ಎಷ್ಟು, ವಿದ್ಯುತ್ತು ಎಷ್ಟು ಎಂಬ ಲೆಕ್ಕ ದೂರದ ಕಚೇರಿಗೆ ತಲುಪುತ್ತದೆ. ಚಳ್ಳಕೆರೆ ತಾಲೂಕಿನ ಬಯಲಿನಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯುಳ್ಳ ಒಂದು ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಹೆಲಿಕಾಪ್ಟರಿನಲ್ಲಿ ಕೆಳಗೆ ಬಿಟ್ಟರು. ಒಳಗೆ ಪೈಲಟ್ ಇಲ್ಲ. ಅದು ತನ್ನ ಯಂತ್ರಗಳ ಮಾತು ಕೇಳಿಕೊಂಡು ರನ್‌ವೇ ಮೇಲೆ ತಾನೇ ಇಳಿಯಿತು! ದೇಶವೇ ಕೊಂಡಾಡಿತು.

ಅದೇ ಜಿಲ್ಲೆಯ ಪಂಚಾಯ್ತಿಯಲ್ಲಿ ನಿನ್ನೆ ರಾತ್ರಿ ಎಷ್ಟು ಮಳೆ ಬಂತೆಂದು ಕೇಳಿದರೆ "ಚೆನ್ನಾಗಿ ಬಂತು ಸಾ" ಎಂಬ ಉತ್ತರ. ಗಾಳಿಯ ಲೆಕ್ಕ ಗಿರಣಿಯ ಯಜಮಾನನಿಗೆ ಬೇಕು, ಆದ್ದರಿಂದ ಗಿರಣಿಯ ಮಾಪಕ ಕೆಟ್ಟರೆ ರಿಪೇರಿಗೆ ಆಳು ಓಡುತ್ತಾನೆ. ಮಳೆಯ ಲೆಕ್ಕ ತನಗೆ ಬೇಕೆಂದು ಊರು ಗಟ್ಟಿಯಾಗಿ ಕೇಳಿದ ದಿನ ಈ ಡಬ್ಬಿಗೂ ಆಳು ಓಡಿ ಬರುತ್ತಾನೆ. ಯಂತ್ರದ ಆಯುಸ್ಸು ಅದರ ಕಂಪನಿಯ ಹೆಸರಿನಲ್ಲಿಲ್ಲ, ಅದರ ಮಾತಿಗಾಗಿ ಕಾಯುವವರ ಸಂಖ್ಯೆಯಲ್ಲಿದೆ.

ಗಡಿಯಾಚೆ ನೋಡಿ ಬನ್ನಿ

ಇದೆಲ್ಲ ಭಾಷಣಕ್ಕೆ ಸರಿ, ಹಳ್ಳಿಯಲ್ಲಿ ನಡೆಯುವುದೇ ಎನ್ನುವವರಿಗೆ ದೂರದ ಉದಾಹರಣೆ ಬೇಡ. ಇದೇ ವೇದಾವತಿ ಮುಂದೆ ಹಗರಿಯಾಗಿ ಅನಂತಪುರ ಜಿಲ್ಲೆಗೆ ಹರಿದು ಹೋಗುತ್ತದೆ. ಆ ಅನಂತಪುರವೂ ಸೇರಿ ಅಂದಿನ ಆಂಧ್ರದ ಏಳು ಬರಗಾಲದ ಜಿಲ್ಲೆಗಳಲ್ಲಿ 2003ರ ಸುಮಾರಿಗೆ ರೈತರೇ ಅಂತರ್ಜಲ ನೋಡಿಕೊಳ್ಳುವ ಒಂದು ಯೋಜನೆ ನಡೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬೆನ್ನಿಗಿತ್ತು. ಓದು ಬರಹ ಅಷ್ಟಕ್ಕಷ್ಟೇ ಇದ್ದ ಹೆಣ್ಣುಮಕ್ಕಳು, ಗಂಡಸರು ಮಳೆ ಅಳೆದರು, ಬೋರ್‌ವೆಲ್ಲಿಗೆ ಪಟ್ಟಿ ಇಳಿಬಿಟ್ಟು ನೀರಿನ ಮಟ್ಟ ಅಳೆದರು. ಅಳೆದದ್ದನ್ನು ಊರಿನ ಗೋಡೆಯ ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆದರು. ಮಳೆಗಾಲ ಮುಗಿದ ಮೇಲೆ ಸಭೆ ಸೇರಿ, ಇರುವ ನೀರೆಷ್ಟು, ಹಿಂಗಾರಿಗೆ ಬೇಕಾದ್ದೆಷ್ಟು ಎಂದು ಮನೆಯ ಖರ್ಚಿನ ಲೆಕ್ಕದಂತೆ ಲೆಕ್ಕ ಹಾಕಿದರು. ಭತ್ತ ಹಾಕಬೇಡ ಎಂದು ಯಾರೂ ಯಾರಿಗೂ ಆಜ್ಞೆ ಮಾಡಲಿಲ್ಲ. ಗೋಡೆಯ ಮೇಲಿನ ಅಂಕಿ ನೋಡಿದವನು ತಾನೇ ಯೋಚನೆ ಮಾಡಿದ.

ಕೇರಳದ ಮೀನಚಿಲ್ ಹೊಳೆಯ ದಂಡೆಯಲ್ಲೂ 2018ರ ಮಹಾಪೂರದ ನಂತರ ಶಾಲಾ ಮಕ್ಕಳು, ಊರಿನವರು ಸೇರಿ ಮಳೆ ಅಳೆದು ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟಿಸುವ ಪದ್ಧತಿ ಬೆಳೆಯಿತು. ಮೇಲಿನ ಊರಿನ ಹುಡುಗಿ ಬರೆದ ಅಂಕಿ ಕೆಳಗಿನ ಊರಿನ ಮುದುಕಿಗೆ ಎಚ್ಚರಿಕೆಯಾಗುತ್ತದೆ. ಹೊಸದುರ್ಗದ ಶಾಲೆಯೂ ಹಿರಿಯೂರಿನ ಹೊಳೆದಂಡೆಯೂ ಹೀಗೆ ಮಾತಾಡಿಕೊಳ್ಳಬಾರದೆಂದು ಯಾವ ಶಾಸ್ತ್ರ ಹೇಳುತ್ತದೆ?

ಇಲ್ಲಿ ಬೋರ್‌ವೆಲ್ಲಿನ ಕಥೆ ಹೇಳುವುದೇ ಬೇಡ. ಬರಗಾಲದ ವರ್ಷಗಳಲ್ಲಿ ಹಿರಿಯೂರಿನ ತೆಂಗಿನ ಸುಳಿ ಒಣಗಿ ಬಿದ್ದದ್ದನ್ನು ಕಂಡವರು ಇನ್ನೂ ಇದ್ದಾರೆ. ಅಟಲ್ ಭೂಜಲ ಯೋಜನೆ 2020ರಲ್ಲಿ ಆರಂಭವಾದಾಗ ಅಂತರ್ಜಲದ ಮಟ್ಟ ತಾನೇ ಬರೆದುಕೊಳ್ಳುವ ಯಂತ್ರಗಳ ಮಾತು, ಪಂಚಾಯ್ತಿಗೊಂದು ನೀರಿನ ಆಯವ್ಯಯದ ಮಾತು ಬಂದವು. ಯೋಜನೆಗಳು ಬರುತ್ತವೆ, ಅವಧಿ ಮುಗಿದು ಹೋಗುತ್ತವೆ. ಯೋಜನೆ ಹೋದ ಮೇಲೂ ಉಳಿಯಬೇಕಾದದ್ದು ಅಳೆಯುವ ಅಭ್ಯಾಸ. ಅಭ್ಯಾಸ ಊರಿನದಾಗದಿದ್ದರೆ ಯಂತ್ರ ತುಕ್ಕಿನ ಪಾಲು.

ಆಗಬೇಕಾದದ್ದು ಇಷ್ಟೇ

ಕೋಟಿಗಟ್ಟಲೆ ರೂಪಾಯಿಯ ಬೇಡಿಕೆ ಇಲ್ಲಿ ಇಲ್ಲ. ಬೇಕಿರುವುದು ಒಂದು ಕರಿ ಹಲಗೆ, ಒಂದು ಡಬ್ಬ ಸೀಮೆಸುಣ್ಣ, ಒಂದು ಪುಸ್ತಕ.

ಒಂದು: ಪ್ರತಿ ಪಂಚಾಯ್ತಿ ಕಚೇರಿಯ ಹೊರಗೋಡೆಯ ಮೇಲೆ ದಿನಾ ಬೆಳಿಗ್ಗೆ ಹಿಂದಿನ 24 ಗಂಟೆಯ ಮಳೆ, ತಿಂಗಳ ಮಳೆ, ವಾಡಿಕೆ ಮಳೆ, ಈ ಮೂರು ಅಂಕಿಗಳನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆಯಬೇಕು. ಡಬ್ಬಿ ಮಾತಾಡದ ದಿನ "ಯಂತ್ರ ಕೆಟ್ಟಿದೆ" ಎಂದು ಬರೆಯಬೇಕು. ಸೊನ್ನೆ ಬೇರೆ, ಮೌನ ಬೇರೆ. ಮೌನವನ್ನು ಸೊನ್ನೆ ಎಂದು ಬರೆದರೆ ಅದು ಸುಳ್ಳು ಲೆಕ್ಕ.

ಎರಡು: ಡಬ್ಬಿಗೊಬ್ಬ ಕಾವಲಿನವನು ಬೇಕು. ಕೆರೆಗೆ ನೀರಗಂಟಿ ಇದ್ದ ಹಾಗೆ. ತೂಬು ಎತ್ತುವುದು, ಇಳಿಸುವುದು, ಏರಿ ಕಾಯುವುದು ನೀರಗಂಟಿಯ ಕಾಯಕವಾಗಿತ್ತು. ಅದಕ್ಕೆ ಊರು ಕಾಳು ಅಳೆದು ಕೊಡುತ್ತಿತ್ತು. ಹೊಸ ಕಾಲದ ಈ ತೂಬಿಗೂ ಒಬ್ಬ ನೀರಗಂಟಿ ಇರಲಿ. ವಾರಕ್ಕೊಮ್ಮೆ ಆಲಿಕೆ ಒರೆಸುವುದು, ಗಿಡ ಸವರುವುದು, ಸೋಲಾರ್ ಹಲಗೆಯ ಧೂಳು ತೆಗೆಯುವುದು ಅರ್ಧ ಗಂಟೆಯ ಕೆಲಸ. ಅವನಿಗೋ ಅವಳಿಗೋ ಪಂಚಾಯ್ತಿಯಿಂದ ಸಣ್ಣ ಗೌರವಧನ ಕೊಟ್ಟರೆ ಬೊಕ್ಕಸ ಬರಿದಾಗುವುದಿಲ್ಲ. ಒಳಗಿನ ಯಂತ್ರಕ್ಕೆ ಕೈ ಹಾಕುವ ಕೆಲಸ ಮಾತ್ರ ತಿಳಿದ ತಂತ್ರಜ್ಞನದೇ ಆಗಿರಲಿ.

ಮೂರು: ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಊರಿನವರ ಎದುರಿಗೆ ಡಬ್ಬಿಯ ಪರೀಕ್ಷೆ ನಡೆಯಲಿ. ಪರೀಕ್ಷೆ ಸುಲಭ. ಆಲಿಕೆಯ ಬಾಯಿ 200 ಚದರ ಸೆಂಟಿಮೀಟರ್ ಇದ್ದರೆ, 200 ಮಿಲಿಲೀಟರ್ ನೀರನ್ನು ನಿಧಾನವಾಗಿ ಹುಯ್ದಾಗ 10 ಮಿಲಿಮೀಟರ್ ತೋರಿಸಬೇಕು. ಬಾಯಿ ಬೇರೆ ಅಳತೆಯದಾದರೆ ನೀರಿನ ಅಳತೆಯೂ ಅದಕ್ಕೆ ತಕ್ಕಂತೆ. ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕಂತೆ. ಲಕ್ಷಾಂತರ ರೂಪಾಯಿ ತೂಗುವ ಈ ತಕ್ಕಡಿಗೆ ಬೇಡವೇ? ಪರೀಕ್ಷೆಯ ದಿನ ಮೊದಲೇ ಇಲಾಖೆಗೆ ತಿಳಿಸಿ ಆ ಹೊತ್ತಿನ ಅಂಕಿಯನ್ನು ಲೆಕ್ಕದಿಂದ ಬಿಡಿಸಿದರಾಯಿತು.

ನಾಲ್ಕು: ಪ್ರತಿ ಪ್ರೌಢಶಾಲೆಯಲ್ಲಿ ಒಂದು ಸಾದಾ ಮಳೆಮಾಪಕ ಇರಲಿ. ಮಕ್ಕಳು ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯಲಿ. ಅಂಚು ನೇರವಾಗಿರುವ ಪಾತ್ರೆ ಮತ್ತು ಅಡಿಪಟ್ಟಿ ಇದ್ದರೂ ಅಂದಾಜಿಗೆ ಸಾಕು. ಡಬ್ಬಿ 4 ಎಂದು, ಶಾಲೆ 40 ಎಂದು ಬರೆದ ದಿನ ಡಬ್ಬಿಯ ಬಾಯಿ ಕಟ್ಟಿದೆ ಎಂದು ಆ ಮಧ್ಯಾಹ್ನವೇ ತಿಳಿಯುತ್ತದೆ. ವಿಮೆಯ ಪಟ್ಟಿ ಬಂದ ಮೇಲೆ ಎದೆ ಬಡಿದುಕೊಳ್ಳುವ ಪಾಡು ತಪ್ಪುತ್ತದೆ.

ಐದು: ಕಡೂರು, ಹೊಸದುರ್ಗದ ಕಡೆಯ ಮಳೆ ಮತ್ತು ಕಣಿವೆಯ ಒಳಹರಿವಿನ ಅಂಕಿಗಳು ಹೊಳೆದಂಡೆಯ ಪಂಚಾಯ್ತಿಗಳಿಗೆ ಒಟ್ಟಿಗೇ ತಲುಪಬೇಕು. ರಾತ್ರಿ ಬಂದ ಸುದ್ದಿಯನ್ನು ಬೆಳಿಗ್ಗೆ ಟಪಾಲಿನಲ್ಲಿ ಕಳಿಸುವ ಕಾಲ ಇದಲ್ಲ. ಡಂಗುರ ಹೊಡೆಯುವವನಿಗೆ ಮೊದಲ ಫೋನು ಹೋಗಲಿ, ಮೇಲಧಿಕಾರಿಗೆ ಎರಡನೆಯದು.

ಇವುಗಳಲ್ಲಿ ಮೊದಲ ನಾಲ್ಕಕ್ಕೆ ಬೆಂಗಳೂರಿನ ಅಪ್ಪಣೆಗಾಗಿ ಕಾಯಬೇಕಾದದ್ದು ಬಹಳ ಕಡಿಮೆ. ಗ್ರಾಮಸಭೆಯಲ್ಲಿ ಒಂದು ಠರಾವು ಸಾಕು. ಜಿಲ್ಲಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿದರೆ ಕೆಲಸ ಇನ್ನೂ ಬೇಗ ಆದೀತು. ಐದನೆಯದಕ್ಕೆ ಎರಡು ಜಿಲ್ಲೆಗಳ ಅಧಿಕಾರಿಗಳು ಒಂದು ಮೇಜಿನ ಸುತ್ತ ಕೂರಬೇಕು. ಚಿಕ್ಕಮಗಳೂರಿನಿಂದ ಚಿತ್ರದುರ್ಗಕ್ಕೆ ಹೊಳೆ ಬರುತ್ತದೆ. ಅಂಕಿ ಬರುವುದಕ್ಕೇನು ಕಷ್ಟ?

ಹಳಬರಿಗೂ ಮಳೆಯ ಲೆಕ್ಕ ಇತ್ತು. ನೇಗಿಲು ಹೂಡಿ ಎಷ್ಟು ಗೇಣು ಹಸಿ ಇಳಿದಿದೆ ಎಂದು ನೋಡುತ್ತಿದ್ದರು. ಅಂಗಳದ ಒರಳು ತುಂಬಿತೇ ಅರ್ಧ ನಿಂತಿತೇ ಎಂದು ನೋಡಿ ಬಿತ್ತನೆಗೆ ಹೊರಡುತ್ತಿದ್ದರು. ಭರಣಿ, ಮೃಗಶಿರ, ಆರಿದ್ರ, ಹುಬ್ಬೆ, ಚಿತ್ತೆ ಎಂದು ಮಳೆಗೆ ಹೆಸರಿಟ್ಟು ಕರೆಯುತ್ತಿದ್ದರು. ಆ ಒರಳು ಊರಿನದಾಗಿತ್ತು, ಅದರ ಲೆಕ್ಕವನ್ನು ಯಾರೂ ಬಚ್ಚಿಡುತ್ತಿರಲಿಲ್ಲ. ಈಗಿನ ಡಬ್ಬಿ ಆ ಒರಳಿಗಿಂತ ಸಾವಿರ ಪಾಲು ಜಾಣ. ಜಾಣ ಆಳು ಮನೆಯವರ ಜೊತೆ ಮಾತಾಡದೆ ನೆರೆಮನೆಯವರ ಜೊತೆ ಮಾತ್ರ ಮಾತಾಡಿದರೆ ಯಜಮಾನನಿಗೆ ಏನನ್ನಿಸೀತು?

ಮುಂದಿನ ಮುಂಗಾರು ಬರುವುದಕ್ಕೆ ಮುಂಚೆ ಪಂಚಾಯ್ತಿಯ ಗೋಡೆಯ ಮೇಲೆ ಒಂದು ಕರಿ ಹಲಗೆ ತೂಗಲಿ. ಅಂದು ಅರಳಿಕಟ್ಟೆಯ ಮೇಲೆ "ನಮಗೆ?" ಎಂದು ಕೇಳಿದ ಹುಡುಗನಿಗೆ ಮಾವ ನಗೆಚಾಟಿಕೆ ಮಾಡದೆ ಗೋಡೆ ತೋರಿಸಲಿ:

"ಅಗೋ, ಬರ್ದೈತೆ ನೋಡೋ. ಓದು, ಎಷ್ಟೈತೆ?"

ಸಂಬಂಧಪಟ್ಟವರು ಕಣ್ಣು ತೆರೆಯುವರೇ?